ಕಟ್ಟಿದ ಸಾಲಕ್ಕೆ ಸಾಕ್ಷಿ ಯಾರು?



ಸಾಲ ತೀರಿಸದವನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬರುವವರು ಬಹಳ ಮಂದಿ. ಸಾಲ ತೀರಿಸಿದವನನ್ನು ಹುಡುಕಿಕೊಂಡು ಬಂದವರನ್ನು ನೀವು ಎಂದಾದರೂ ಕಂಡಿದ್ದೀರಾ? ನಾವಂತೂ ಕಂಡಿಲ್ಲ. ಈ ತಿಂಗಳು ಆ ಮಾತನ್ನೇ ನಿಮ್ಮ ಮುಂದೆ ಇಡಬೇಕಾಗಿದೆ. ಅದಕ್ಕೆ ಕಾರಣವಾದದ್ದು ಒಂದು ಫೋನು.

ಮಾಗಡಿ ತಾಲ್ಲೂಕಿನ ನಮ್ಮ ಚಂದಾದಾರರೊಬ್ಬರು ಹೋದ ತಿಂಗಳು ಬೆಂಗಳೂರಿನ ವಿಜಯನಗರಕ್ಕೆ ಹೋಗಿದ್ದರು. ನಾಲ್ಕು ಎಕರೆ ಹಿಡುವಳಿಯವರು. ರಾಗಿ, ಒಂದಿಷ್ಟು ಹಿಪ್ಪುನೇರಳೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಮಗಳು ವಿಜಯನಗರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯ ಮೂರು ಫೋನಿಗೂ ಸೇರಿಸಿ ತಿಂಗಳಿಗೊಂದು ಬಿಲ್ಲು ಬರುವ ಪೋಸ್ಟ್‌ಪೇಯ್ಡ್ ಸಂಪರ್ಕ ಮಾಡಿಸಿಬಿಡೋಣ ಅಂತ ಹೊರಟವರು.

ಇದೇನು ಷೋಕಿ ಅಂದುಕೊಳ್ಳಬೇಡಿ. ಈಗ ಫೋನಿಲ್ಲದೆ ರೈತನ ಯಾವ ಕೆಲಸ ನಡೆಯುತ್ತದೆ ಹೇಳಿ. ಕಿಸಾನ್ ಸಮ್ಮಾನ್ ದುಡ್ಡಿಗೆ ಕೆವೈಸಿ ಮಾಡಿಸಬೇಕಾದರೆ ಫೋನು, ಬೆಳೆ ಸಮೀಕ್ಷೆಗೆ ಫೋನು, ಬೆಳೆ ವಿಮೆಗೆ ಫೋನು, ಬ್ಯಾಂಕಿನ ಓಟಿಪಿ ಬರುವುದೂ ಅದೇ ನಂಬರಿಗೆ. ಇವರ ಮನೆಯಲ್ಲಿ ಹೋದ ಸುಗ್ಗಿಯಲ್ಲಿ ಕಣದ ಕೆಲಸದ ಗಲಾಟೆಯಲ್ಲಿ ರೀಚಾರ್ಜಿನ ಅವಧಿ ಮುಗಿದದ್ದೇ ಗೊತ್ತಾಗಲಿಲ್ಲ. ರಾಗಿ ಖರೀದಿಯ ಸಂದೇಶ ಬಂದೇ ಇಲ್ಲ. ಗೊತ್ತಾಗಿ ಓಡುವ ಹೊತ್ತಿಗೆ ಅವರ ಸರದಿ ಹೋಗಿತ್ತು. ಬೆಂಬಲ ಬೆಲೆಗೆ ಹೋಗಬೇಕಾದ ರಾಗಿ ದಲ್ಲಾಳಿಯ ತಕ್ಕಡಿಗೆ ಬಿತ್ತು. ಬಿಲ್ಲು ಬ್ಯಾಂಕಿನಿಂದಲೇ ತಾನಾಗಿ ಕಟ್ಟಿಹೋಗುವ ಸಂಪರ್ಕವಿದ್ದರೆ ಈ ತಾಪತ್ರಯ ಇರುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಅಂಗಡಿಯ ಹುಡುಗ ಮರ್ಯಾದಸ್ಥ. ಆಧಾರ್, ಪ್ಯಾನ್ ಕಾರ್ಡು ಇಸಕೊಂಡು ಕಂಪ್ಯೂಟರಿನಲ್ಲಿ ಒತ್ತಿದ. ಸ್ವಲ್ಪ ಹೊತ್ತಾದ ಮೇಲೆ, "ಸಾರ್, ನಿಮ್ದು ಸಿಸ್ಟಮ್ ತಗೊಳ್ತಾ ಇಲ್ಲ" ಅಂದ.

"ಯಾಕಪ್ಪಾ, ನಾನೇನು ಎಲ್ಲಾದ್ರೂ ಬಾಕಿ ಇಟ್ಟಿದೀನಾ?"

"ಬಾಕಿ ತೋರಿಸ್ತಾ ಇಲ್ಲ ಸಾರ್. ಏನೂ ತೋರಿಸ್ತಾ ಇಲ್ಲ. ಅದೇ ಪ್ರಾಬ್ಲಮ್ಮು."

ಇವರು ಕೈಚೀಲದಿಂದ ಸಹಕಾರ ಸಂಘದ ಪಾಸ್ ಪುಸ್ತಕ ತೆಗೆದರು. ಜೊತೆಗೆ ಸಂಘದ ಕಾರ್ಯದರ್ಶಿ ಮೊಹರು ಒತ್ತಿ ಕೊಟ್ಟ ಬೇಬಾಕಿ ಪತ್ರ. "ನೋಡಪ್ಪಾ, ಇಪ್ಪತ್ತೆರಡು ವರ್ಷದಿಂದ ಬೆಳೆ ಸಾಲ ತಗೊಂಡು ಕಟ್ತಾ ಇದೀನಿ. ಒಂದು ವಾಯಿದೆ ತಪ್ಪಿಲ್ಲ." ಹುಡುಗ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದನ್ನ ಎಲ್ಲಿ ಹಾಕ್ಲಿ ಸಾರ್? ಇದಕ್ಕೆ ಕಾಲಮ್ಮೇ ಇಲ್ಲ."

ಪಕ್ಕದಲ್ಲಿ ನಿಂತಿದ್ದ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗನೊಬ್ಬನಿಗೆ ಕಾಲು ಗಂಟೆಯಲ್ಲಿ ಸಂಪರ್ಕವೂ ಆಯಿತು, ಕಂತಿನ ಮೇಲೆ ಹೊಸ ಫೋನೂ ಆಯಿತು. ಆ ಹುಡುಗನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನೂ ಯಾವುದೋ ಹಳ್ಳಿಯ ಮಗನೇ ಇರಬೇಕು. ನಾವು ಕೇಳುವುದು ಇಷ್ಟೇ. ಇಪ್ಪತ್ತೆರಡು ವರ್ಷ ಮಾತು ಉಳಿಸಿಕೊಂಡವನು ಯಾವ ಕಾರಣಕ್ಕೆ ಲೆಕ್ಕಕ್ಕಿಲ್ಲದವನಾದ?

ಆ ಅಂಗಡಿ ನಿಂತಿರುವ ನೆಲವನ್ನೇ ನೋಡಿ. ವಿಜಯನಗರದ ಮೆಟ್ರೋ ನಿಲ್ದಾಣದ ಒಂದು ಬದಿಗೆ ಹೊಸಹಳ್ಳಿ, ಇನ್ನೊಂದು ಬದಿಗೆ ಅತ್ತಿಗುಪ್ಪೆ. ನಿಲ್ದಾಣಗಳ ಹೆಸರಿನಲ್ಲಿ ಹಳ್ಳಿಗಳು ಇನ್ನೂ ಉಳಿದಿವೆ, ಹೊಲಗಳು ಉಳಿದಿಲ್ಲ. ರಾಜಾಜಿನಗರದ ಕೇತಮಾರನಹಳ್ಳಿ, ಬಸವೇಶ್ವರನಗರದ ಸಾಣೆಗುರುವನಹಳ್ಳಿ ಕೂಡ ಹಾಗೆಯೇ. ಈಚೆಗೆ ಮಾಗಡಿ ರಸ್ತೆಗೂ ಕೆಂಗೇರಿಯ ಮೈಸೂರು ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆಗೆಂದು 2010ರ ಅಂತಿಮ ಅಧಿಸೂಚನೆಯಲ್ಲಿ 4,000 ಎಕರೆಗೂ ಹೆಚ್ಚು ಭೂಮಿ ಸೇರಿತು. ನಮ್ಮ ನೆಲ ಬೇಕಾದಾಗ ಸರ್ವೆ ನಂಬರು, ಗುಂಟೆ, ಖರಾಬು ಸಮೇತ ನಮ್ಮ ಹೆಸರು ಅವರಿಗೆ ಗೊತ್ತಿರುತ್ತದೆ. ಅದೇ ನೆಲದ ಮೇಲೆ ಕಟ್ಟಿದ ಅಂಗಡಿಯಲ್ಲಿ ಒಂದು ಫೋನು ಕೇಳಿದರೆ, "ನೀವು ಯಾರು ಅಂತ ಗೊತ್ತಾಗ್ತಾ ಇಲ್ಲ" ಎನ್ನುತ್ತಾರೆ.

ಹಿಂದೆಯೂ ಹಳ್ಳಿಗೆ ಫೋನು ಸಿಗುತ್ತಿರಲಿಲ್ಲ, ನಿಜ. ಆಗ ತಂತಿಯೇ ಇರಲಿಲ್ಲ. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಫೋನು ತಯಾರಾಗುತ್ತಿದ್ದರೂ ಪೇಟೆಯ ಸಾಹುಕಾರನೂ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿತ್ತು. 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಸಿ-ಡಾಟ್‌ನವರ ಮೊದಲ ಗ್ರಾಮೀಣ ಎಕ್ಸ್‌ಚೇಂಜು ಬಂದಾಗ, ಹಳ್ಳಿಗೂ ಒಂದು ಕಾಲ ಬಂತು ಅಂತ ಜನ ಅಂದುಕೊಂಡರು. ಈಗ ತಂತಿ ಬೇಡ, ಸರದಿ ಇಲ್ಲ. ಹೆಸರು ಬೇಕು. ಆ ಹೆಸರು ಎಲ್ಲಿ ಬರೆದಿರುತ್ತದೆ, ಯಾರು ಬರೆಯುತ್ತಾರೆ ಎಂಬುದನ್ನು ನಾವು ತಿಳಿದುಕೊಳ್ಳದಿದ್ದರೆ ನಾಳೆ ಫೋನಿನಲ್ಲಿ ಆದದ್ದು ಟ್ರ್ಯಾಕ್ಟರಿನಲ್ಲಿ, ಮಗಳ ಓದಿನ ಸಾಲದಲ್ಲಿ, ಬೋರ್‌ವೆಲ್ ಸಾಲದಲ್ಲಿ ಆಗುತ್ತದೆ. ಆಗುತ್ತಲೂ ಇದೆ.

ಅದರ ವ್ಯವಸ್ಥೆ ಹೀಗಿದೆ. ಸಾಲಗಾರರ ಲೆಕ್ಕ ಇಡುವುದಕ್ಕೆಂದೇ ಕಂಪನಿಗಳಿವೆ. 2000ದಲ್ಲಿ ಹುಟ್ಟಿದ ಸಿಬಿಲ್ ಮೊದಲನೆಯದು. ಈಗ ಅಂಥವು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್. ಇವಕ್ಕೆಂದು 2005ರಲ್ಲಿ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಿತು. ಬ್ಯಾಂಕುಗಳು, ಹಣಕಾಸು ಕಂಪನಿಗಳು ತಮ್ಮ ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಇವಕ್ಕೆ ಒಪ್ಪಿಸಬೇಕು. ಇವು ಅದಕ್ಕೆ 300ರಿಂದ 900ರವರೆಗೆ ಒಂದು ಅಂಕ ಹಾಕುತ್ತವೆ. 2006ರ ನಿಯಮಾವಳಿಯಲ್ಲಿ ಫೋನು ಕಂಪನಿಗಳಿಗೂ ಆ ಕಡತ ನೋಡುವ ಅವಕಾಶ ಕೊಟ್ಟರು. ಅಂಗಡಿಯ ಹುಡುಗನ ಕಂಪ್ಯೂಟರು ಇಣುಕುವುದು ಇಂಥ ಕಡತದೊಳಕ್ಕೇ.

ಈಗ ನಮ್ಮ ಸಂಘಕ್ಕೆ ಬನ್ನಿ. ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಸಂಘಕ್ಕೆ ಸಾಲ ಕೊಡುತ್ತದೆ. ಸಂಘ ನಿಮಗೆ ಕೊಡುತ್ತದೆ. ನೀವು ಸಂಘಕ್ಕೆ ಕಟ್ಟುತ್ತೀರಿ, ಸಂಘ ಬ್ಯಾಂಕಿಗೆ ಕಟ್ಟುತ್ತದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಕಾನೂನಿನ ಕಣ್ಣಲ್ಲಿ ಬ್ಯಾಂಕಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. 2005ರ ಕಾಯ್ದೆಯ ಪಟ್ಟಿಯಲ್ಲಿ ಸಹಕಾರ ಬ್ಯಾಂಕಿನ ಹೆಸರಿದೆ, ನಿಮ್ಮೂರ ಸಂಘದ ಹೆಸರಿಲ್ಲ. ಹೀಗಾಗಿ ನಮ್ಮ ಚಂದಾದಾರರು ಸಂಘದ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಎಣಿಸಿ ಕೊಟ್ಟ ನೋಟು ಸಂಘದ ಲೆಡ್ಜರಿನಲ್ಲೇ ನಿಂತಿತು. ಅಲ್ಲಿಂದಾಚೆಗೆ ಅವರ ಹೆಸರು ಹೋಗಲಿಲ್ಲ. ಸಾಲದ ಚರಿತ್ರೆಯೇ ಇಲ್ಲದವನ ಕಡತದಲ್ಲಿ ಸಿಬಿಲ್‌ನವರು ಅಂಕದ ಜಾಗದಲ್ಲಿ ಮೈನಸ್ ಒಂದು ಎಂದು ತೋರಿಸುತ್ತಿದ್ದರು. ಸೊನ್ನೆಯೂ ಅಲ್ಲ, ಸೊನ್ನೆಗಿಂತ ಒಂದು ಕಡಿಮೆ!

ಇದಕ್ಕಿಂತ ದೊಡ್ಡ ವ್ಯಂಗ್ಯ ಇನ್ನೊಂದಿಲ್ಲ. ಯಾಕೆಂದರೆ ರೈತನ ಸಾಲದ ಲೆಕ್ಕವನ್ನು ರೈತರೇ ಬರೆದುಕೊಳ್ಳುವ ಪದ್ಧತಿ ಹುಟ್ಟಿದ್ದೇ ನಮ್ಮ ನಾಡಿನಲ್ಲಿ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಇಡೀ ಏಷ್ಯಾ ಖಂಡದಲ್ಲೇ ಅಂಥದ್ದು ಅದು ಮೊದಲನೆಯದೆಂದು ಹೆಸರಾಗಿದೆ. 'ಪತ್ತು' ಎಂಬ ಮಾತನ್ನು ಗಮನಿಸಿ. ಪತ್ತು ಎಂದರೆ ನಂಬಿಕೆ. ಅವನಿಗೆ ಊರಲ್ಲಿ ಪತ್ತಿದೆ ಅಂದರೆ ಅವನ ಮಾತಿಗೆ ಬೆಲೆಯಿದೆ ಎಂದು ಅರ್ಥ. ಬಡ್ಡಿ ಸಾಹುಕಾರನ ಗುಟ್ಟಿನ ಪುಸ್ತಕದಿಂದ ರೈತನ ಹೆಸರನ್ನು ಬಿಡಿಸಿ, ಎಲ್ಲರೂ ನೋಡಬಹುದಾದ ಪುಸ್ತಕದಲ್ಲಿ ಬರೆಯುವುದೇ ಆ ಸಂಘದ ದೊಡ್ಡ ಕೆಲಸವಾಗಿತ್ತು. ಅದು ಸುಲಭವಾಗಿ ಆಗಲಿಲ್ಲ. 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತ ತಂದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಕೇವಲ 3 ರೂಪಾಯಿ 10 ಪೈಸೆಯಷ್ಟು. ಸಾಹುಕಾರರಿಂದ ಬಂದದ್ದು ಸುಮಾರು 70 ರೂಪಾಯಿ. ಅಲ್ಲಿಂದ ಇಲ್ಲಿಯವರೆಗೆ ಸಂಘವನ್ನು ಎಳೆದು ತಂದವರು ವಾಯಿದೆಗೆ ಸರಿಯಾಗಿ ಕಟ್ಟಿದ ರೈತರು. ಅವರ ಪತ್ತು ಇವತ್ತು ವಿಜಯನಗರದ ಅಂಗಡಿಯಲ್ಲಿ ನಡೆಯದ ನಾಣ್ಯ.

ವಾಯಿದೆಗೆ ಕಟ್ಟುವುದು ಅಂದರೆ ಏನು ಅಂತ ಪೇಟೆಯವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ 2023ರಲ್ಲಿ ನಮ್ಮ ರಾಜ್ಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಒಳ್ಳೆಯದೇ. ಆದರೆ ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ರಾಗಿ ಮಾರಾಟವಾಗಿರುವುದಿಲ್ಲ, ಗೂಡಿಗೆ ಧಾರಣೆ ಇರುವುದಿಲ್ಲ, ಗಡುವು ಮಾತ್ರ ಬಂದಿರುತ್ತದೆ. ಆಗ ಏನು ಮಾಡುತ್ತೀರಿ? ನೂರಕ್ಕೆ ಮೂರರಂತೆ ಕೈಸಾಲ ತರುತ್ತೀರಿ. ಇಲ್ಲವೇ ಹೆಂಡತಿಯ ಕೊರಳಿನದನ್ನು ಒಯ್ದು ಅಡ ಇಡುತ್ತೀರಿ. ಸಂಘಕ್ಕೆ ಕಟ್ಟಿ, ಹೊಸ ಸಾಲ ಮಂಜೂರಾಗುವವರೆಗೆ ಕಾದು, ಅದರಿಂದ ಕೈಸಾಲ ತೀರಿಸುತ್ತೀರಿ. ಸರ್ಕಾರದ ಪುಸ್ತಕದಲ್ಲಿ ಬಡ್ಡಿ ಸೊನ್ನೆ. ನಿಮ್ಮ ಮನೆಯ ಪುಸ್ತಕದಲ್ಲಿ ಬಡ್ಡಿ ಬಡ್ಡಿಯೇ. ಸುಸ್ತಿದಾರ ಅನ್ನಿಸಿಕೊಳ್ಳಬಾರದು ಎಂಬ ಒಂದೇ ಮಾನಕ್ಕೆ ಇಷ್ಟು ಪಾಡು. ಇಷ್ಟು ಪಾಡುಪಟ್ಟು ಉಳಿಸಿಕೊಂಡ ಒಳ್ಳೆಯ ಹೆಸರು ಊರಿನ ಗಡಿ ದಾಟುವುದಿಲ್ಲವಾದರೆ ಯಾರಿಗಾಗಿ ಈ ಪಾಡು?

ಕೆಟ್ಟ ಹೆಸರಾದರೋ ಗಡಿ ದಾಟುತ್ತದೆ. ಅದರ ಕಾಲು ಬಹಳ ಚುರುಕು. ಬ್ಯಾಂಕಿನಿಂದ ತಂದ ಸಾಲ ಒಂದು ಬರಗಾಲದಲ್ಲಿ ನಿಂತರೆ ಕಡತದಲ್ಲಿ ಬೀಳುತ್ತದೆ. ನೆಂಟನಿಗೆ ಜಾಮೀನು ಹಾಕಿದ್ದರೆ, ಅವನು ಕಟ್ಟದಿದ್ದರೆ, ಅದೂ ನಿಮ್ಮ ಕಡತಕ್ಕೆ ಬರುತ್ತದೆ. ಬಡ್ಡಿ ಬಿಟ್ಟು ಇಷ್ಟು ಕಟ್ಟಿ ಮುಗಿಸಿ ಎಂದು ಬ್ಯಾಂಕಿನವರೇ ಕರೆದು ರಾಜಿ ಮಾಡಿಕೊಂಡರೂ, ಪೂರ್ತಿ ಕಟ್ಟಿದ್ದು ಎಂದು ಬರೆಯದೆ 'ರಾಜಿ' ಎಂದೇ ಬರೆಯುತ್ತಾರೆ. ಅದೂ ಒಂದು ಕಪ್ಪು ಚುಕ್ಕೆಯೇ. ಎಂಬತ್ತರ ದಶಕದಲ್ಲಿ ಬಾಕಿ ವಸೂಲಿಗೆ ಜೀಪು ಬರುತ್ತಿತ್ತು. ಪಾತ್ರೆ, ಬಾಗಿಲು, ಪಂಪ್‌ಸೆಟ್ಟು ಜಪ್ತಿಯಾಗುತ್ತಿತ್ತು. ಜೀಪಿಗೆ ಅಡ್ಡ ನಿಂತು, ಯಾವ ಕಾನೂನಿನಲ್ಲಿ ಬಂದಿರಿ ಅಂತ ಕೇಳಬಹುದಾಗಿತ್ತು. ಅಂಕಕ್ಕೆ ಅಡ್ಡ ನಿಲ್ಲುವುದು ಎಲ್ಲಿ? ಅದು ಊರಿಗೇ ಬರುವುದಿಲ್ಲವಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರು, "ಸ್ವಾಮೀ, ಹೆಸರು ಇಲ್ಲದೇ ಇರೋದೇ ವಾಸಿ. ಸಂಘದ ಲೆಕ್ಕವೂ ಅಲ್ಲಿಗೆ ಹೋದರೆ ಬರಗಾಲದ ವರ್ಷ ನಮ್ಮ ಗತಿ ಏನು?" ಎಂದು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಸಂಬಳದವನ ಕಾಲ ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ, ನಮ್ಮ ಕಾಲ ಮಳೆಯ ಲೆಕ್ಕದಲ್ಲಿ. ಇದು ರಿಸರ್ವ್ ಬ್ಯಾಂಕಿಗೂ ಗೊತ್ತು. ಬೇರೆ ಸಾಲ 90 ದಿನ ಬಾಕಿ ನಿಂತರೆ ಕೆಟ್ಟ ಸಾಲ ಎನ್ನುವ ಅದೇ ರಿಸರ್ವ್ ಬ್ಯಾಂಕು, ಅಲ್ಪಾವಧಿ ಬೆಳೆಯ ಸಾಲಕ್ಕೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಕಾಯಬೇಕೆಂದು ಹೇಳಿದೆ. ಆದ್ದರಿಂದ ನಾವು ಕೇಳಬೇಕಾದದ್ದು, ನಮ್ಮ ಹೆಸರು ಎಲ್ಲೂ ಬರೆಯಬೇಡಿ ಎಂದಲ್ಲ. ಬರೆಯುವುದಾದರೆ ಹಂಗಾಮಿನ ಲೆಕ್ಕದಲ್ಲಿ ಬರೆಯಿರಿ, ಕಟ್ಟಿದ್ದನ್ನೂ ಬರೆಯಿರಿ, ಬರಗಾಲ ಎಂದು ಸರ್ಕಾರವೇ ಸಾರಿದ ವರ್ಷವನ್ನು ರೈತನ ತಪ್ಪು ಎಂದು ಬರೆಯಬೇಡಿ ಎಂದು. ಅಡಗಿ ಕೂತು ಉಳಿಯುವ ಕಾಲ ಮುಗಿದಿದೆ. ಲೆಕ್ಕದಲ್ಲಿಲ್ಲದವನನ್ನು ಇವತ್ತಿನ ಪೇಟೆ ಪ್ರಾಮಾಣಿಕ ಎಂದು ತಿಳಿಯುವುದಿಲ್ಲ, ಅನುಮಾನದಿಂದ ನೋಡುತ್ತದೆ.

ಕಟ್ಟಿದವನನ್ನು ಸರ್ಕಾರ ಗುರುತಿಸಲಾರದೇ? ಗುರುತಿಸಬಲ್ಲದು. 2018ರ ಜುಲೈ ಬಜೆಟ್ಟಿನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಸಾಲ ಮನ್ನಾ ಸಾರಿದಾಗ, ವಾಯಿದೆಗೆ ಸರಿಯಾಗಿ ಕಟ್ಟಿದವರಿಗೂ 25,000 ರೂಪಾಯಿಯವರೆಗೆ ಕೊಡುವುದಾಗಿ ಹೇಳಿದರು. ಕಟ್ಟಿದವನೂ ಒಬ್ಬನಿದ್ದಾನೆ ಎಂಬ ಮಾತು ಆವತ್ತು ವಿಧಾನಸೌಧದಲ್ಲಿ ಕೇಳಿಬಂತು. 2025-26ರ ಕೇಂದ್ರ ಬಜೆಟ್ಟಿನಲ್ಲಿ ಹಳ್ಳಿಯವರಿಗೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ 'ಗ್ರಾಮೀಣ ಕ್ರೆಡಿಟ್ ಸ್ಕೋರ್' ಎಂದು ಬೇರೆಯೇ ಒಂದು ಅಂಕದ ಮಾತು ಬಂತು. ಸಂಘಗಳ ಲೆಡ್ಜರು ಕಂಪ್ಯೂಟರಿಗೆ ಏರಿಸಲು 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಮ್ಮ ರಾಜ್ಯದ ಸಂಘಗಳೂ ಅದರಲ್ಲಿವೆ. ಅಂದರೆ ಲೆಕ್ಕ ಇಲ್ಲ ಎಂದು ಇನ್ನು ಯಾರೂ ನೆಪ ಹೇಳುವಂತಿಲ್ಲ. ಲೆಕ್ಕ ಇದೆ. ಅದನ್ನು ರೈತನ ಪರವಾಗಿ ಸಾಕ್ಷಿ ಹೇಳಿಸುವ ಮನಸ್ಸು ಬೇಕು.

ಅಲ್ಲಿಯವರೆಗೆ ನೀವು ಕೈಕಟ್ಟಿ ಕೂರಬೇಕಾಗಿಲ್ಲ. ಈಗಾಗಲೇ ನಿಮ್ಮ ಕೈಯಲ್ಲಿರುವ ಹಕ್ಕುಗಳನ್ನು ತಿಳಿದುಕೊಳ್ಳಿ.

ಒಂದು: ಈ ನಾಲ್ಕು ಕಂಪನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೆ ಒಂದು ಸಲ ನಿಮ್ಮ ಪೂರ್ತಿ ಕಡತವನ್ನು ಬಿಟ್ಟಿಯಾಗಿ ಕೊಡಲೇಬೇಕು. 2017ರಿಂದ ಇದು ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ. ಓದಿದ ಮಕ್ಕಳನ್ನು ಕೂರಿಸಿಕೊಂಡು ತೆಗೆಸಿ. ಇದಕ್ಕೆ ದುಡ್ಡು ಕೇಳುವ ದಲ್ಲಾಳಿಗೆ ಒಂದು ಕಾಸೂ ಕೊಡಬೇಡಿ.

ಎರಡು: ಕಡತದಲ್ಲಿ ತಪ್ಪಿದ್ದರೆ, ತೀರಿಸಿದ ಸಾಲ ತೀರಿಲ್ಲ ಎಂದಿದ್ದರೆ, ಬೇರೆಯವರ ಸಾಲ ನಿಮ್ಮ ತಲೆಗೆ ಬಂದಿದ್ದರೆ, ಬರೆದು ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ದೂರಿಗೆ ಶುಲ್ಕವಿಲ್ಲ.

ಮೂರು: ಮೊದಲ ಬಾರಿಗೆ ಸಾಲ ಕೇಳುವವನ ಅರ್ಜಿಯನ್ನು, ಹಿಂದಿನ ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು 2025ರ ಜನವರಿ 6ರ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ಇದನ್ನೇ ಸಂಸತ್ತಿನಲ್ಲಿ ಹೇಳಿದರು. ಮ್ಯಾನೇಜರು ಸ್ಕೋರ್ ಇಲ್ಲ ಎಂದರೆ, "ಅದನ್ನೇ ಕಾಗದದ ಮೇಲೆ ಬರೆದುಕೊಡಿ ಸಾರ್" ಅನ್ನಿ. ಸಾಲ ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕೆಂಬುದು ಬ್ಯಾಂಕುಗಳಿಗಿರುವ ನಿಯಮ. ಬಾಯಲ್ಲಿ ಇಲ್ಲ ಅನ್ನುವುದು ಸುಲಭ, ಕಾಗದದ ಮೇಲೆ ಕಷ್ಟ.

ಫೋನು ಕಂಪನಿ ರಿಸರ್ವ್ ಬ್ಯಾಂಕಿನ ಕೈಕೆಳಗಿಲ್ಲ, ಟ್ರಾಯ್ ಕೈಕೆಳಗಿದೆ. ಬ್ಯಾಂಕಿಗಿರುವ ಈ ಕಟ್ಟುಪಾಡನ್ನು ಅದಕ್ಕೂ ಹಾಕಬೇಕು. ಕಡತ ನೋಡುವ ಹಕ್ಕು ಬೇಕು, ಕಾರಣ ಹೇಳುವ ಹೊಣೆ ಬೇಡ ಎಂದರೆ ಹೇಗೆ? 'ಸಿಸ್ಟಮ್ ತಗೊಳ್ತಾ ಇಲ್ಲ' ಎಂಬುದು ಕಾರಣವಲ್ಲ. ಸಿಸ್ಟಮ್ಮು ಮಳೆಯಲ್ಲ, ಬಿಸಿಲಲ್ಲ. ಮನುಷ್ಯರು ಕೂತು ಮಾಡಿದ್ದು. ಮನುಷ್ಯರು ಉತ್ತರ ಹೇಳಬೇಕು.

ಆದ್ದರಿಂದ ಈ ಪತ್ರಿಕೆಯ ಬೇಡಿಕೆ ಮೂರು. ಸಂಘದಲ್ಲಿ ವಾಯಿದೆಗೆ ಕಟ್ಟಿದ ಲೆಕ್ಕ, ರೈತನ ಒಪ್ಪಿಗೆ ಪಡೆದು, ಹಂಗಾಮಿನ ಅಳತೆಯಲ್ಲಿ ಈ ಕಡತಗಳಿಗೆ ಸೇರಬೇಕು. ಅದು ಆಗುವವರೆಗೆ ಸಂಘದ ಬೇಬಾಕಿ ಪತ್ರ, ಪಹಣಿಯನ್ನು ಬ್ಯಾಂಕುಗಳೂ ಫೋನು ಕಂಪನಿಗಳೂ ಆಧಾರವಾಗಿ ಒಪ್ಪಬೇಕು. ಬರಗಾಲ ಘೋಷಣೆಯಾದ ತಾಲ್ಲೂಕಿನ ಆ ವರ್ಷದ ಬಾಕಿಗೆ ಅಂಕ ಕಡಿಯಬಾರದು.

ಮುಂದಿನ ಸರ್ವಸದಸ್ಯರ ಸಭೆಗೆ ತಪ್ಪದೆ ಹೋಗಿ. ಲಾಭ-ನಷ್ಟದ ತಃಖ್ತೆ ಓದಿ ಚಹಾ ಕುಡಿದು ಎದ್ದು ಬರಬೇಡಿ. ಎದ್ದು ನಿಂತು, "ನಾವು ಕಟ್ಟಿದ್ದು ಎಲ್ಲೆಲ್ಲಿ ಬರೆದಿದೆ?" ಎಂದು ಕೇಳಿ. ಕಾರ್ಯದರ್ಶಿಗೆ ಉತ್ತರ ಗೊತ್ತಿಲ್ಲದಿದ್ದರೆ ಠರಾವು ಮಾಡಿ ಜಿಲ್ಲಾ ಬ್ಯಾಂಕಿಗೆ ಕಳಿಸಿ. ಒಂದು ಸಂಘದ ಠರಾವು ಕಾಗದ ಮಾತ್ರ. ತಾಲ್ಲೂಕಿನ ಸಂಘಗಳೆಲ್ಲ ಸೇರಿ ಕಳಿಸಿದರೆ ಅದು ಕಾಗದವಾಗಿ ಉಳಿಯುವುದಿಲ್ಲ.

ನಮ್ಮ ಚಂದಾದಾರರು ಆವತ್ತು ಬರಿಗೈಯಲ್ಲಿ ಕೆಂಗೇರಿಯವರೆಗೆ ಮೆಟ್ರೋದಲ್ಲಿ ಬಂದು, ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಊರಿನ ಬಸ್ಸು ಹತ್ತಿದರು. ಈ ವಿಷಯ ನಮಗೆ ಹೇಳಿದಾಗ ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. "ಮಗಳ ಎದುರಿಗೆ ಹಂಗಂದ್ಬಿಟ್ನಲ್ಲಾ" ಅಂದರು. ನಾವು ಅವರಿಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತೇವೆ. ನಾಚಿಕೆ ಪಡಬೇಕಾದವರು ನೀವಲ್ಲ. ಕಟ್ಟಿದವನ ಹೆಸರು ಬರೆದುಕೊಳ್ಳದವರು ನಾಚಿಕೆ ಪಡಬೇಕು. ಕಣಗಿನಹಾಳದ ರೈತರು 1905ರಲ್ಲಿ ತೆರೆದ ಪುಸ್ತಕ ಇನ್ನೂ ಮುಚ್ಚಿಲ್ಲ. ಅದರಲ್ಲಿ ಬರೆದ ಹೆಸರು ಬೆಂಗಳೂರಿನಲ್ಲೂ ನಡೆಯುವ ಹಾಗೆ ಮಾಡುವುದು ನಮ್ಮ ನಿಮ್ಮ ಕೆಲಸ.